ಜೀರ್ಣನೌಕೆಯ ಉದ್ಧಾರ

ಬಳಸಿ ಸವೆದ ವಸ್ತುವನ್ನು ಸರಿಪಡಿಸಿ ಇಟ್ಟುಕೊಳ್ಳಬೇಕೋ, ಅದನ್ನು ಬಿಟ್ಟು ಹೊಸದನ್ನು ಕೊಳ್ಳಬೇಕೋ ಎಂಬುದು ಮನೆಮನೆಯಲ್ಲಿಯೂ ಏಳುವ ಪ್ರಶ್ನೆ. ಕೊಡೆಯ ವಿಷಯದಲ್ಲಿ, ಚಾಪೆಯ ವಿಷಯದಲ್ಲಿ ಅದು ಕಾಸಿನ ಲೆಕ್ಕದಿಂದಲೇ ತೀರಿಹೋಗುತ್ತದೆ. ಅಷ್ಟರಿಂದ ತೀರದ ವಸ್ತುಗಳೂ ಕೆಲವುಂಟು. ಅವುಗಳ ಮುಂದೆ ನಿಂತಾಗ ಮನುಷ್ಯನು ತಾನು ಬೆಲೆಯನ್ನು ಎಣಿಸುತ್ತಿರುವೆನೆಂದು ತಿಳಿದಿದ್ದರೂ ನಿಜವಾಗಿ ಋಣವನ್ನು ಎಣಿಸುತ್ತಿರುತ್ತಾನೆ. ಅಗಲಿದವರಿಗೆ ಸಲ್ಲಬೇಕಾದುದೇನು, ಮುಂದೆ ಬರುವವರಿಗೆ ಸಲ್ಲಬೇಕಾದುದೇನು, ಜಡವಾದ ವಸ್ತುವಿಗೂ ಏನಾದರೂ ಸಲ್ಲಬೇಕೆ ಎಂಬ ವಿಚಾರಗಳು ಒಂದರೊಡನೊಂದು ತೊಡರಿಕೊಂಡು ಬರುತ್ತವೆ. ಯೂರೋಪಿನ ಮಡಿಸುವ ದೋಣಿಯು ಇಂಥ ವಸ್ತುಗಳಲ್ಲಿ ಒಂದು. ಆ ದೋಣಿಯನ್ನು ಕಣ್ಣಾರೆ ಕಂಡಿಲ್ಲದ ವಾಚಕರಿಗೂ ಅದು ಎಬ್ಬಿಸುವ ಸಂಶಯವು ಪರಕೀಯವೆಂದು ತೋರಲಾರದು.

ಒಂದು ಸಂದರ್ಭವನ್ನು ಊಹಿಸಿಕೊಳ್ಳಬಹುದು. ಜರ್ಮನಿಯ ದಕ್ಷಿಣಭಾಗವಾದ ಬವೇರಿಯ ಪ್ರಾಂತದಲ್ಲಿ, ನದೀತೀರದ ಒಂದು ಊರಿನಲ್ಲಿ, ಒಬ್ಬ ಮುದುಕಿಯು ತನ್ನ ಮನೆಯ ಅಟ್ಟವನ್ನು ತೆರವು ಮಾಡುತ್ತಾಳೆ. ಅಲ್ಲಿ ಎರಡು ಉದ್ದನೆಯ ಕ್ಯಾನ್ವಾಸು ಚೀಲಗಳು ಸಿಗುತ್ತವೆ. ಅವುಗಳಲ್ಲಿ ಮರದ ಪಟ್ಟಿಗಳೂ ರಬ್ಬರು ಬಳಿದ ಬಟ್ಟೆಯ ದೊಡ್ಡದೊಂದು ಸುರುಳಿಯೂ ಇವೆ. ಅದು ಅವಳ ತಂದೆಯು 1950ರ ದಶಕದಲ್ಲಿ ಕೊಂಡ ದೋಣಿ. ಎಷ್ಟೋ ಬೇಸಗೆಗಳಲ್ಲಿ ಅವಳು ಅದರ ಮುಂದಿನ ಪೀಠದಲ್ಲಿ ಕುಳಿತು, ಹಿಂದೆ ತಂದೆಯ ಹುಟ್ಟು ನೀರನ್ನು ಸೀಳುವ ಸದ್ದನ್ನು ಕೇಳಿದವಳು. ತಂದೆಯು ತೀರಿಹೋಗಿ ಬಹಳ ವರ್ಷಗಳಾದುವು. ಈಗ ಅವಳ ಮೊಮ್ಮಗನು ಆ ಚೀಲಗಳನ್ನು ನೋಡಿ, ಬರುವ ಬೇಸಗೆಯಲ್ಲಿ ತಾನು ಇದನ್ನೇ ನದಿಗೆ ಇಳಿಸಬಹುದೆ ಎಂದು ಕೇಳುತ್ತಾನೆ. ಹೌದೆನ್ನಲು ಅವಳಿಗೆ ಭಯ, ಇಲ್ಲವೆನ್ನಲು ದುಃಖ. ಅವಳಿಗೆ ಧರ್ಮವಾದ ಉತ್ತರವಾವುದು?

ಈ ಪ್ರಶ್ನೆಗೆ ಉತ್ತರವನ್ನು ಹುಡುಕುವ ಮುನ್ನ ಆ ದೋಣಿಯ ಸ್ವರೂಪವನ್ನು ತಿಳಿಯುವುದು ಅವಶ್ಯಕ. ವಸ್ತುವಿನ ಗುಣವನ್ನು ಅರಿಯದೆ ಅದರ ವಿಷಯದ ಕರ್ತವ್ಯವನ್ನು ನಿರ್ಣಯಿಸಲಾಗದು.

ಕಯಾಕು ಎಂಬುದು ಉತ್ತರ ಧ್ರುವದ ಸಮೀಪದ ಜನರ ದೋಣಿ. ಗ್ರೀನ್‌ಲೆಂಡಿನಂಥ ಹಿಮಪ್ರದೇಶದಲ್ಲಿ ದೋಣಿಗೆ ಸಾಲುವ ಮರವು ಬೆಳೆಯುವುದಿಲ್ಲ. ಕಡಲು ತಂದು ದಡಕ್ಕೆಸೆದ ತೇಲುಮರವನ್ನು ಆಯ್ದು, ಸೀಳಿ, ತೊಗಲಿನ ಬಾರುಗಳಿಂದ ಬಿಗಿದು ಅಲ್ಲಿನ ಗಂಡಸರು ಹಂದರವನ್ನು ಕಟ್ಟುತ್ತಿದ್ದರು. ಹೆಂಗಸರು ಸೀಲ್ ಎಂಬ ಕಡಲಪ್ರಾಣಿಯ ತೊಗಲನ್ನು ನೀರು ನುಸುಳದಂತೆ ಹೊಲಿದು ಅದಕ್ಕೆ ಹೊದಿಸುತ್ತಿದ್ದರು. ಹಂದರವನ್ನು ಬೇಟೆಗಾರನ ಮೈಯಳತೆಗೆ ತಕ್ಕಂತೆಯೇ ಮಾಡುವುದು ಪದ್ಧತಿಯಾಗಿದ್ದಿತು. ತೊಗಲು ಬೇಗ ಸವೆಯುತ್ತಿತ್ತು. ಅದನ್ನು ಬಿಚ್ಚಿ ಹೊಸ ತೊಗಲನ್ನು ಹೊದಿಸುತ್ತಿದ್ದರು. ಹಂದರವು ಒಂದಕ್ಕಿಂತ ಹೆಚ್ಚು ತೊಗಲುಗಳನ್ನು ತೊಟ್ಟು ಕಳೆಯುತ್ತಿತ್ತು. ಹೀಗೆ ಹೊದಿಕೆಯನ್ನು ಬದಲಿಸುವುದು ಆ ದೋಣಿಗೆ ಒದಗಿದ ವಿಪತ್ತಲ್ಲ. ಅದು ಅದರ ಬಾಳುವೆಯ ಕ್ರಮವೇ ಆಗಿದ್ದಿತು.

ಈ ದೋಣಿಯನ್ನು ಮಡಿಸಿ ಚೀಲದಲ್ಲಿಡುವಂತೆ ಮಾಡಿದವನು ಆಲ್ಫ್ರೆಡ್ ಹಾಯ್ರಿಷ್ ಎಂಬ ವಾಸ್ತುಶಿಲ್ಪದ ವಿದ್ಯಾರ್ಥಿ. ಬಿದಿರಿನ ಕಡ್ಡಿಗಳ ಮೇಲೆ ಹಾಯಿಬಟ್ಟೆಯನ್ನು ಹೊದಿಸಿದ ತನ್ನ ದೋಣಿಯಲ್ಲಿ ಅವನು 1905ರಲ್ಲಿ ಈಸಾರ್ ನದಿಯನ್ನು ಬಾಟ್ ಟಲ್ಸ್ ಎಂಬ ಊರಿನಿಂದ ಮ್ಯೂನಿಕ್ ನಗರದವರೆಗೆ ಇಳಿದು ಬಂದನು. ರೋಸನ್‌ಹೈಮಿನ ದರ್ಜಿಯಾದ ಯೋಹಾನ್ ಕ್ಲೆಪ್ಪರ್ ಎಂಬಾತನು 1907ರಲ್ಲಿ ಅದನ್ನು ತಯಾರಿಸುವ ಹಕ್ಕನ್ನು ಪಡೆದನು. ದೋಣಿಯನ್ನು ದರ್ಜಿಯೊಬ್ಬನು ಕೈಗೆತ್ತಿಕೊಂಡದ್ದು ವಿಚಿತ್ರವೆಂದು ತೋರಬಹುದು. ಆದರೆ ಈ ದೋಣಿಯ ಅರ್ಧಭಾಗವು ಬಡಗಿಯ ಕೆಲಸವಾದರೆ ಇನ್ನರ್ಧವು ಹೊಲಿಗೆಯ ಕೆಲಸವೇ ಸರಿ. ನಗರಗಳಲ್ಲಿ ಚಿಕ್ಕ ಮನೆಗಳಲ್ಲಿದ್ದು, ದೋಣಿಯನ್ನಿಡಲು ಕೊಟ್ಟಿಗೆಯೂ ಸಾಗಿಸಲು ಬಂಡಿಯೂ ಇಲ್ಲದ ಸಾಮಾನ್ಯ ಜನರಿಗೆ ಅದು ದೊಡ್ಡ ಉಪಕಾರವಾಯಿತು. ರಜಾದಿನದಲ್ಲಿ ಚೀಲವನ್ನು ಬೆನ್ನಿಗೇರಿಸಿ ರೈಲಿನಲ್ಲಿ ನದಿಯ ಮೇಲ್ಭಾಗಕ್ಕೆ ಹೋಗಿ, ಅಲ್ಲಿ ದೋಣಿಯನ್ನು ಕಟ್ಟಿ, ಹೊಳೆಯೊಡನೆ ಮನೆಯ ಕಡೆಗೆ ಇಳಿಯುವುದು ಅವರಿಗೆ ಸಾಧ್ಯವಾಯಿತು. 1936ರ ಬರ್ಲಿನ್ ಒಲಿಂಪಿಕ್ಸಿನಲ್ಲಿ ಮಡಿಸುವ ದೋಣಿಗಳಿಗೇ ಪ್ರತ್ಯೇಕವಾದ ಪಂದ್ಯಗಳು ನಡೆದುವೆಂಬುದರಿಂದ ಅದರ ಪ್ರಚಾರವನ್ನು ಊಹಿಸಬಹುದು.

ಇಬ್ಬರು ಕೂರುವ ದೋಣಿಯು ಸುಮಾರು 5 ಮೀಟರು ಉದ್ದವಿರುತ್ತದೆ. ಆಷ್ ಎಂಬ ಮರದ ಉದ್ದಪಟ್ಟಿಗಳೂ, ಭೂರ್ಜದ ಜಾತಿಯ ಬರ್ಚ್ ಮರದ ಪದರಹಲಗೆಯಿಂದ ಕೊಯ್ದ ಪಕ್ಕೆಲುಬುಗಳೂ ಸೇರಿ ಹಂದರವಾಗುತ್ತದೆ. ಮೇಲ್ಗಡೆ ದಪ್ಪನಾದ ಹತ್ತಿಯ ಬಟ್ಟೆ, ಕೆಳಗಡೆ ರಬ್ಬರು ಬಳಿದ ಬಟ್ಟೆ, ಇವೆರಡೂ ಕೂಡಿದುದು ಹೊದಿಕೆ. ಮುಮ್ಮೊನೆಯ ಅರ್ಧವನ್ನೂ ಹಿಮ್ಮೊನೆಯ ಅರ್ಧವನ್ನೂ ಬೇರೆಬೇರೆಯಾಗಿ ಕಟ್ಟಿ ಹೊದಿಕೆಯೊಳಗೆ ತೂರಿಸುತ್ತಾರೆ. ಎರಡೂ ನಡುವೆ ಸಂಧಿಸುವಲ್ಲಿ ಅಡಿಹಲಗೆಯು ಸ್ವಲ್ಪ ಮೇಲೆದ್ದು ನಿಲ್ಲುತ್ತದೆ. ಅದನ್ನು ಕೈಯಿಂದ ಒತ್ತಿ ಕೆಳಗಿಳಿಸಿದೊಡನೆ ಹಂದರವು ಉದ್ದಕ್ಕೆ ಚಾಚಿ ಹೊದಿಕೆಯನ್ನು ಬಿಗಿಯುತ್ತದೆ. ಈಚಿನ ಮಾದರಿಗಳಲ್ಲಿ ಎರಡು ಪಕ್ಕಗಳಲ್ಲಿಯೂ ಗಾಳಿಯ ನಳಿಗೆಗಳಿರುತ್ತವೆ; ಅವುಗಳನ್ನು ಊದಿದರೆ ಬಟ್ಟೆಯು ಮದ್ದಲೆಯ ಚರ್ಮದಂತೆ ಬಿಗಿದುಕೊಳ್ಳುತ್ತದೆ. ಅರ್ಧಗಂಟೆಯ ಹಿಂದೆ ಕಟ್ಟಿಗೆಯ ಕಟ್ಟೂ ಬಟ್ಟೆಯ ಸುರುಳಿಯೂ ಆಗಿದ್ದುದು ಈಗ ನೀರಿನ ಮೇಲೆ ಮನುಷ್ಯನ ಪ್ರಾಣವನ್ನು ಹೊರಲು ಸಿದ್ಧವಾಗಿರುತ್ತದೆ.

ಇಂಥ ದೋಣಿಗೆ ಮುಪ್ಪು ಬರುವ ದಾರಿಗಳು ಹಲವು. ಒದ್ದೆಯಾಗಿದ್ದಾಗಲೇ ಮಡಿಸಿಟ್ಟರೆ ಹತ್ತಿಯ ಬಟ್ಟೆಯ ಮೇಲೆ ಬೂಷ್ಟು ಹಿಡಿದು ನೂಲು ಸತ್ವಗೆಡುತ್ತದೆ. ವರ್ಷಗಳು ಕಳೆದಂತೆ ರಬ್ಬರು ತನ್ನ ನಮ್ಯತೆಯನ್ನು ಕಳೆದುಕೊಂಡು ಮಡಿಕೆಯ ಗೆರೆಗಳಲ್ಲಿ ಬಿರಿಯುತ್ತದೆ. ವಾರ್ನಿಷು ಸುಲಿದಲ್ಲಿ ನೀರು ಮರವನ್ನು ಹೊಗುತ್ತದೆ. ಪದರಹಲಗೆಯ ಪದರಗಳು ಒಂದನ್ನೊಂದು ಬಿಡುತ್ತವೆ. ಅಡಿಹಲಗೆಯು ಒಳಗಿಂದೊಳಗೆ ಕುಂಬಾಗುತ್ತದೆ. ಕಡಲಿನಲ್ಲಿ ಬಳಸಿದ ದೋಣಿಯಾದರೆ ಉಪ್ಪು ಲೋಹದ ಕೊಂಡಿಗಳನ್ನು ತಿನ್ನುತ್ತದೆ. ಈ ದೋಷಗಳಲ್ಲಿ ಕೆಲವು ಕಣ್ಣಿಗೆ ಅಸಹ್ಯವಾಗಿದ್ದರೂ ಅಪಾಯಕರವಲ್ಲ. ಮತ್ತೆ ಕೆಲವು ಕಣ್ಣಿಗೆ ಬೀಳುವುದೇ ಇಲ್ಲ, ಆದರೆ ಕೊಲ್ಲಬಲ್ಲವು. ಮೇಲಿನ ಬಟ್ಟೆಯ ಕರಿಯ ಕಲೆಗಳನ್ನು ಕಂಡು ಹೌಹಾರಿದವನು ಅಡಿಹಲಗೆಯನ್ನು ದಬ್ಬಳದಿಂದ ಚುಚ್ಚಿ ನೋಡುವುದನ್ನು ಮರೆತರೆ ಅವನ ಪರೀಕ್ಷೆಯು ವ್ಯರ್ಥ.

ಹೊಸದನ್ನೇ ಕೊಳ್ಳಬೇಕೆನ್ನುವವರ ಪಕ್ಷವು ದುರ್ಬಲವಾದುದಲ್ಲ. ಅವರ ಮೊದಲನೆಯ ಮಾತು ಪ್ರಾಣದ ವಿಷಯವಾದುದು. ಮನೆಯಲ್ಲಿ ಹಳೆಯ ಕುರ್ಚಿ ಮುರಿದರೆ ಕುಳಿತವನು ನೆಲಕ್ಕೆ ಬೀಳುವನು. ಬೆಟ್ಟದಿಂದಿಳಿವ ತಣ್ಣನೆಯ ಹೊಳೆಯ ನಡುವೆ ದೋಣಿಯ ಬೆನ್ನು ಮುರಿದರೆ ಬೀಳಲು ನೆಲವಿಲ್ಲ. ಎರಡನೆಯದು ವೆಚ್ಚದ ಮಾತು. ಹೊಸ ಹೊದಿಕೆಯನ್ನು ಹೊಲಿಸಿ, ಪಕ್ಕೆಲುಬುಗಳನ್ನು ಬದಲಿಸಿ, ತಿಂಗಳುಗಟ್ಟಲೆ ಉಜ್ಜಿ ವಾರ್ನಿಷು ಬಳಿದು ಮುಗಿಸುವಷ್ಟರಲ್ಲಿ ಹೊಸ ದೋಣಿಯ ಬೆಲೆಯ ದೊಡ್ಡ ಭಾಗವು ಕರಗಿಹೋಗಿರುತ್ತದೆ. ಮೂರನೆಯದು ಸಾಮಗ್ರಿಯ ಮಾತು. ಒಂದು ಕಾಲದಲ್ಲಿ ಇಂಥ ಹೊದಿಕೆಗಳಿಗೆ ಪ್ರಸಿದ್ಧವಾಗಿದ್ದ ಹೈಪಲಾನ್ ಎಂಬ ಕೃತಕ ರಬ್ಬರಿನ ತಯಾರಿಕೆಯನ್ನು ಡುಪಾಂಟ್ ಸಂಸ್ಥೆಯು 2010ರಲ್ಲಿ ನಿಲ್ಲಿಸಿತು. ಅದೇ ಜಾತಿಯ ರಬ್ಬರು ಬೇರೆಡೆ ದೊರೆಯುವುದಾದರೂ ಹಳೆಯದನ್ನು ಹಳೆಯದರಿಂದಲೇ ಸರಿಪಡಿಸುವುದು ಎಂದೆಂದಿಗೂ ಸಾಧ್ಯವೆಂದು ನಂಬಿ ಕುಳಿತುಕೊಳ್ಳಲಾಗದು. ಕಡೆಯದು ನೀತಿಯ ಮಾತು. ಸವೆದ ಬಟ್ಟೆಯನ್ನು ಬಿಟ್ಟು ಹೊಸ ಬಟ್ಟೆಯನ್ನುಡುವಂತೆ ಜೀವನು ಜೀರ್ಣದೇಹವನ್ನೇ ಬಿಡುವನೆಂದು ಗೀತೆಯೇ ಹೇಳಿರುವಾಗ, ಜೀರ್ಣವಾದ ಕಟ್ಟಿಗೆಯನ್ನು ಬಿಡಲಾರದಿರುವುದು ಮೋಹವಲ್ಲದೆ ಮತ್ತೇನು ಎಂದು ಅವರು ಕೇಳಬಹುದು.

ಈ ನಾಲ್ಕರಲ್ಲಿ ಕಡೆಯ ಮೂರಕ್ಕೆ ಸಮಾಧಾನವುಂಟು. ಮೊದಲನೆಯದಕ್ಕೆ ಇಲ್ಲ, ಅದು ಹಾಗೆಯೇ ನಿಂತು ಕಡೆಗೆ ಮತ್ತೆ ಎದುರಾಗುವುದು.

ವೆಚ್ಚದ ಲೆಕ್ಕವು ದುಡಿಮೆಯನ್ನೆಲ್ಲ ನಷ್ಟವೆಂದು ಬರೆದುಕೊಳ್ಳುತ್ತದೆ. ಚಳಿಗಾಲದ ಸಂಜೆಗಳಲ್ಲಿ ತಂದೆಯ ಕಾಲದ ಪಟ್ಟಿಗಳನ್ನು ಒಂದೊಂದಾಗಿ ಉಜ್ಜುತ್ತ, ಇದು ಇಲ್ಲಿಗೇಕೆ, ಈ ಗುಳಿಯು ಹೀಗೇಕೆ ಎಂದು ಕಂಡುಕೊಳ್ಳುವ ಹುಡುಗನು ಆ ಹೊತ್ತನ್ನು ಕಳೆದುಕೊಂಡನೆಂದು ಹೇಳಲಾಗದು. ಅವನಿಗೆ ದೋಣಿಯ ಒಳಮರ್ಮವು ತಿಳಿಯುತ್ತದೆ. ಕೊಂಡ ದೋಣಿಯಲ್ಲಿ ಕುಳಿತವನಿಗೆ ಅದು ಎಲ್ಲಿ ಮುರಿಯಬಹುದೆಂಬುದು ತಿಳಿಯದು. ಕಟ್ಟಿದ ದೋಣಿಯಲ್ಲಿ ಕುಳಿತವನಿಗೆ ತಿಳಿದಿರುತ್ತದೆ. ಈ ತಿಳಿವು ಕೂಡ ಕ್ಷೇಮಕ್ಕೆ ಒಂದು ಸಾಧನ. ಲೆಕ್ಕದ ಪುಸ್ತಕದಲ್ಲಿ ಮಾತ್ರ ಅದಕ್ಕೆ ಕಲಮಿಲ್ಲ.

ಸಾಮಗ್ರಿಯ ಮಾತಿಗೆ ದೋಣಿಯ ರಚನೆಯೇ ಉತ್ತರವನ್ನು ಕೊಡುತ್ತದೆ. ಅದನ್ನು ಮಾಡಿದವರು ಅದರ ಅಂಗಗಳನ್ನು ಅಂಟುಹಾಕಿ ಬೆಸೆದುಬಿಡಲಿಲ್ಲ. ಬಿಚ್ಚಲು ಬರುವಂತೆ ಮಾಡಿದರು. ಬಿಚ್ಚಲು ಬರುವುದೆಲ್ಲ ಬದಲಿಸಲೂ ಬರುತ್ತದೆ. ಕನ್ನಡನಾಡಿನ ಶಾಸನಗಳನ್ನು ಓದಿದವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ವೆಂಬ ಮಾತಿನ ಪರಿಚಯವಿರುತ್ತದೆ. ದೇವಾಲಯಕ್ಕೋ ಬಸದಿಗೋ ಭೂಮಿಯನ್ನು ಬಿಡುವಾಗ ಪೂಜೆಗೆ ಇಂತಿಷ್ಟು, ಅನ್ನದಾನಕ್ಕೆ ಇಂತಿಷ್ಟು ಎನ್ನುವುದರೊಡನೆ, ಒಡೆದು ಬಿರಿದುದನ್ನು ಸರಿಪಡಿಸುವುದಕ್ಕೂ ದತ್ತಿಯೆಂದು ಬರೆಯಿಸುತ್ತಿದ್ದರು. ಕಟ್ಟಡವು ಒಡೆಯುವುದೆಂಬುದನ್ನು ಅವರು ಮೊದಲೇ ಒಪ್ಪಿಕೊಂಡು, ಒಡೆದಾಗ ಮಾಡಬೇಕಾದುದನ್ನು ಗೊತ್ತುಮಾಡಿಟ್ಟರು. ಇಂಥ ದೋಣಿಯನ್ನು ಮಾಡಿದವರಲ್ಲಿಯೂ ಇಂಥದೇ ಒಂದು ಮುಂದಾಲೋಚನೆಯುಂಟು. ಹೊದಿಕೆಯು ಹೋಗುವುದೆಂದೂ ಪಕ್ಕೆಲುಬು ಮುರಿಯುವುದೆಂದೂ ತಿಳಿದೇ ಅವರು ಅದನ್ನು ಕಟ್ಟಿದರು. ಅಂಥ ವಸ್ತುವನ್ನು ಮೊದಲನೆಯ ಬಿರುಕಿಗೇ ಎಸೆಯುವುದು ಅದನ್ನು ಮಾಡಿದವರ ಅಭಿಪ್ರಾಯಕ್ಕೆ ವಿರುದ್ಧವಾದುದು.

ಇನ್ನು ಮೋಹದ ಮಾತು. ನೆನಪನ್ನು ಉಳಿಸಿಕೊಳ್ಳುವ ಆಸೆಯೆಲ್ಲ ಮೋಹವಲ್ಲ. ಅದು ಯಾವಾಗ ಮೋಹವಾಗುತ್ತದೆ ಎಂಬುದನ್ನು ತಿಳಿಯಬೇಕಾದರೆ ಮೊದಲು ಇನ್ನೊಂದು ಪ್ರಶ್ನೆಯನ್ನು ಎದುರಿಸಬೇಕಾಗುತ್ತದೆ. ಹೊದಿಕೆಯು ಹೊಸದಾಗಿ, ಪಕ್ಕೆಲುಬುಗಳು ಹೊಸದಾಗಿ, ಅಡಿಹಲಗೆಯೂ ಹೊಸದಾದಮೇಲೆ ಅದು ತಂದೆಯ ದೋಣಿಯೇ ಎನ್ನಬಹುದೆ?

ಈ ಸಂಶಯವು ಬಹಳ ಹಳೆಯದು; ಅದರ ಒಂದು ಹಳೆಯ ದೃಷ್ಟಾಂತವೂ ನೌಕೆಯೇ. ವೀರನಾದ ಥೀಸಿಯಸನ ಮೂವತ್ತು ಹುಟ್ಟುಗಳ ಹಡಗನ್ನು ಅಥೆನ್ಸಿನ ಜನರು ತಲೆತಲಾಂತರಗಳವರೆಗೆ ಉಳಿಸಿಕೊಂಡು ಬಂದರೆಂದೂ, ಲಡ್ಡಾದ ಹಲಗೆಯನ್ನು ತೆಗೆದು ಗಟ್ಟಿಯಾದುದನ್ನು ಕೂರಿಸುತ್ತಿದ್ದರೆಂದೂ, ಅದು ಅದೇ ಹಡಗೆಂದು ಕೆಲವರೂ ಅಲ್ಲವೆಂದು ಕೆಲವರೂ ತತ್ತ್ವಜ್ಞರಲ್ಲಿ ವಾದಿಸುತ್ತಿದ್ದರೆಂದೂ ಪ್ಲೂಟಾರ್ಕನು ಬರೆದಿದ್ದಾನೆ. ಇಂಗ್ಲೆಂಡಿನ ತಾಮಸ್ ಹಾಬ್ಸನು 1655ರಲ್ಲಿ ಪ್ರಕಟವಾದ ತನ್ನ ಲ್ಯಾಟಿನ್ ಗ್ರಂಥದಲ್ಲಿ ಈ ತೊಡಕಿಗೆ ಇನ್ನೊಂದು ಗಂಟನ್ನು ಹಾಕಿದನು. ತೆಗೆದ ಹಲಗೆಗಳನ್ನೆಲ್ಲ ಒಬ್ಬನು ಕೂಡಿಟ್ಟು ಅದೇ ಕ್ರಮದಲ್ಲಿ ಜೋಡಿಸಿದರೆ ಎರಡು ಹಡಗುಗಳಾಗುವುವು. ಅವುಗಳಲ್ಲಿ ಥೀಸಿಯಸನದು ಯಾವುದು ಎಂದು ಅವನ ಪ್ರಶ್ನೆ. ಬೌದ್ಧರ ಮಿಲಿಂದಪ್ರಶ್ನವೆಂಬ ಗ್ರಂಥದಲ್ಲಿ ನಾಗಸೇನನು ಯವನರಾಜನಿಗೆ ರಥದ ಉದಾಹರಣೆಯನ್ನು ಕೊಡುತ್ತಾನೆ. ಚಕ್ರವು ರಥವಲ್ಲ, ಅಚ್ಚು ರಥವಲ್ಲ, ನೊಗವು ರಥವಲ್ಲ. ಅವುಗಳ ಕೂಟಕ್ಕೆ ವ್ಯವಹಾರದಲ್ಲಿಟ್ಟ ಹೆಸರೇ ರಥವೆಂದು ಅಲ್ಲಿನ ಅಭಿಪ್ರಾಯ.

ಥೀಸಿಯಸನ ಹಡಗನ್ನು ಕುರಿತು ವಾದಿಸಿದವರಿಗೆ ಮಡಿಸುವ ದೋಣಿಯು ದೊರೆತಿದ್ದರೆ ಅವರ ವಾದವು ಬೇರೊಂದು ದಾರಿಯನ್ನು ಹಿಡಿಯುತ್ತಿತ್ತೋ ಏನೋ. ಈ ದೋಣಿಯು ಪ್ರತಿಯೊಂದು ಪಯಣದ ಕೊನೆಯಲ್ಲಿಯೂ ದೋಣಿಯಾಗಿರುವುದನ್ನು ಬಿಟ್ಟುಬಿಡುತ್ತದೆ. ಚೀಲದಲ್ಲಿರುವಾಗ ಅದರಲ್ಲಿ ಮರವಿದೆ, ಬಟ್ಟೆಯಿದೆ. ತೇಲತಕ್ಕದ್ದು ಯಾವುದೂ ಇಲ್ಲ. ಮತ್ತೆ ಕಟ್ಟಿದಾಗ ಅದು ಅದೇ ದೋಣಿಯೆಂದು ಯಾರೂ ಸಂದೇಹಪಡುವುದಿಲ್ಲ. ಏಕೆಂದರೆ ಅಂಗಗಳು ಒಂದರೊಡನೊಂದು ಹೊಂದುವ ಅಳತೆಯು ಹಾಗೆಯೇ ಉಳಿದಿರುತ್ತದೆ. ಈ ಪಟ್ಟಿಯ ತುದಿಯು ಆ ಕೊಂಡಿಗೇ ಕೂರುವುದು. ಈ ಹಂದರವು ಈ ಹೊದಿಕೆಯನ್ನೇ ಬಿಗಿಯುವುದು. ದೋಣಿಯ ದೋಣಿತನವು ಮರದಲ್ಲಿಯೂ ಇಲ್ಲ, ಬಟ್ಟೆಯಲ್ಲಿಯೂ ಇಲ್ಲ, ಈ ಹೊಂದಿಕೆಯಲ್ಲಿದೆ.

ಹೀಗೆಂದಮೇಲೆ ಜೀರ್ಣೋದ್ಧಾರದ ಎಲ್ಲೆಯೂ ಗೋಚರವಾಗುತ್ತದೆ. ನುರಿತ ಕೆಲಸಗಾರನು ಮುರಿದ ಪಕ್ಕೆಲುಬನ್ನು ಕೂಡಲೇ ಬಿಸಾಡುವುದಿಲ್ಲ. ಅದರ ತುಂಡುಗಳನ್ನು ಹೊಸ ಹಲಗೆಯ ಮೇಲಿಟ್ಟು ಅಂಚಿನ ಗುಂಟ ಗೆರೆಯೆಳೆದು ಹೊಸದನ್ನು ಕೊಯ್ಯುತ್ತಾನೆ. ಹಳೆಯದು ಹೊಸದಕ್ಕೆ ತನ್ನ ಆಕಾರವನ್ನು ಕೊಟ್ಟು ವಿರಮಿಸುತ್ತದೆ. ಇಷ್ಟು ಸಾಧ್ಯವಾಗಿರುವವರೆಗೆ ಎಷ್ಟು ಅಂಗಗಳು ಬದಲಾದರೂ ಅದು ತಂದೆಯ ದೋಣಿಯೇ. ಆದರೆ ಹಂದರವೆಲ್ಲ ಸೊಟ್ಟಗೆ ತಿರುಚಿ, ಯಾವ ಅಂಗವೂ ಇನ್ನೊಂದಕ್ಕೆ ಅಳತೆಯನ್ನು ಹೇಳಲಾರದ ಸ್ಥಿತಿಗೆ ಬಂದಿದ್ದರೆ, ಅದನ್ನು ಸರಿಪಡಿಸುವೆನೆನ್ನುವವನು ಹೊಸ ದೋಣಿಯನ್ನೇ ಕಟ್ಟಿ ಹಳೆಯ ಹೆಸರನ್ನಿಡುತ್ತಾನೆ. ಅದು ತಪ್ಪಲ್ಲ, ಆದರೆ ಅದನ್ನು ಉದ್ಧಾರವೆಂದು ತನಗೆ ತಾನೇ ಹೇಳಿಕೊಳ್ಳುವುದು ಆತ್ಮವಂಚನೆ, ಅಪ್ಪಟ ಹಳೆಯದೆಂದು ಇನ್ನೊಬ್ಬರಿಗೆ ಮಾರುವುದು ಪರವಂಚನೆ. ಸರಿಪಡಿಸಬಹುದಾದ ಮತ್ತೊಂದು ಹಳೆಯ ದೋಣಿಯನ್ನು ಕೊಂಡು, ಅದನ್ನು ಹರಿದು, ಅದರ ಎಲುಬುಗಳಿಂದ ತನ್ನದನ್ನು ತುಂಬಿಕೊಳ್ಳುವುದರಲ್ಲಿಯೂ ಇಂಥದೊಂದು ದೋಷವಿದೆ. ಸತ್ತ ದೋಣಿಯ ಅಂಗವನ್ನು ತೆಗೆದುಕೊಳ್ಳಬಹುದು. ಬದುಕಬಲ್ಲುದನ್ನು ಅದಕ್ಕಾಗಿ ಕೊಲ್ಲುವುದು ಸಲ್ಲದು.

ಇಲ್ಲಿ ಇನ್ನೊಂದು ಭೇದವನ್ನು ಗಮನಿಸಬೇಕು. ಹಾನ್ನೆಸ್ ಲಿಂಡಮಾನ್ ಎಂಬ ವೈದ್ಯನು 1956ರಲ್ಲಿ ಕ್ಲೆಪ್ಪರ್ ಮಾದರಿಯ ಮಡಿಸುವ ದೋಣಿಯಲ್ಲಿ ಒಬ್ಬನೇ ಕುಳಿತು, ಕನೇರಿ ದ್ವೀಪಗಳಿಂದ ಹೊರಟು ಅಟ್ಲಾಂಟಿಕ್ ಸಾಗರವನ್ನು 72 ದಿನಗಳಲ್ಲಿ ದಾಟಿದನು. ದಾರಿಯಲ್ಲಿ ಬಿರುಗಾಳಿಗೆ ದೋಣಿಯು ಎರಡು ಸಲ ಮಗುಚಿತು. ಆ ದೋಣಿಯು ಈಗ ಮ್ಯೂನಿಕ್ಕಿನ ಜರ್ಮನ್ ವಸ್ತುಸಂಗ್ರಹಾಲಯದಲ್ಲಿದೆ. ಅದರ ಹೊದಿಕೆಯನ್ನು ತೆಗೆದು ಹೊಸದನ್ನು ಹೊದಿಸುವುದು ಉದ್ಧಾರವಾಗದು, ನಾಶವಾದೀತು. ಏಕೆಂದರೆ ಆ ದೋಣಿಯು ಈಗ ಸಾಕ್ಷಿಯಾಗಿದೆ. ಸಾಕ್ಷಿಯು ತಾನು ಕಂಡುದನ್ನು ಕಂಡಂತೆಯೇ ಹೇಳಬೇಕು. ಅದರ ಕಲೆಯೂ ಗೀರೂ ಅದರ ಮಾತುಗಳು.

ಆಸ್ಕರ್ ಸ್ಪೆಕ್ ಎಂಬ ಮತ್ತೊಬ್ಬ ಜರ್ಮನನ ಕಥೆಯು ಬೇರೆ ತೆರನಾದುದು. ಅವನು 1932ರಲ್ಲಿ ಡಾನ್ಯೂಬ್ ನದಿಯ ಮೇಲಿನ ಉಲ್ಮ್ ಪಟ್ಟಣದಿಂದ ಮಡಿಸುವ ದೋಣಿಯಲ್ಲಿ ಹೊರಟು, ಏಳು ವರ್ಷಗಳಲ್ಲಿ ಸುಮಾರು 50,000 ಕಿಲೋಮೀಟರು ದಾರಿಯನ್ನು ಸವೆಸಿ, 1939ರಲ್ಲಿ ಆಸ್ಟ್ರೇಲಿಯದ ಎಲ್ಲೆಯನ್ನು ಮುಟ್ಟಿದನು. ಹಿಂದೂಸ್ಥಾನದ ಪಶ್ಚಿಮದ ಕರಾವಳಿಯನ್ನು ಹಿಡಿದು ಅವನು 1935ರಲ್ಲಿ ಸಿಂಹಳಕ್ಕೆ ಇಳಿದುದರಿಂದ ಕನ್ನಡದ ಕಡಲತೀರವೂ ಆ ದಾರಿಯಲ್ಲಿದ್ದಿತು. ಆ ಯಾತ್ರೆಯನ್ನೆಲ್ಲ ಒಂದೇ ದೋಣಿಯು ಮಾಡಲಿಲ್ಲ. ಒಂದು ಸವೆದಾಗ ಇನ್ನೊಂದನ್ನು ತರಿಸಿಕೊಂಡನು. ಹಾಗೆ ಮಾಡಿದುದಕ್ಕಾಗಿ ಅವನನ್ನು ಯಾರೂ ಕೃತಘ್ನನೆನ್ನುವುದಿಲ್ಲ. ಅವನ ದೋಣಿಗಳು ಸೇವಕರಾಗಿದ್ದುವು, ಮುಂದಿನ ದಾರಿಗೆ ಬದ್ಧವಾಗಿದ್ದುವು. ಲಿಂಡಮಾನನ ದೋಣಿಯು ಸೇವೆಯನ್ನು ಮುಗಿಸಿ ಸಾಕ್ಷಿಯಾಯಿತು. ಒಂದೇ ದೋಣಿಯು ಒಂದೇ ಕಾಲದಲ್ಲಿ ಎರಡೂ ಆಗಿರುವುದು ಕಷ್ಟ. ಅಟ್ಟದ ಮೇಲಿನ ದೋಣಿಯ ಒಡತಿಯು ಅದು ಇನ್ನು ಯಾವುದಾಗಿರಬೇಕೆಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ತಂದೆಯ ಕೈಗುರುತನ್ನು ಕಾಯುವುದೇ ಅವಳ ಇಚ್ಛೆಯಾದರೆ ಅದನ್ನು ಒರಸಿ, ಒಣಗಿಸಿ, ಗಾಳಿಯಾಡುವಲ್ಲಿಟ್ಟು ಕಾಪಾಡಲಿ, ನೀರಿಗಿಳಿಸುವುದು ಬೇಡ. ಮೊಮ್ಮಗನನ್ನು ಅದರಲ್ಲಿ ಕೂರಿಸುವುದೇ ಇಚ್ಛೆಯಾದರೆ ಹೊಸ ಹೊದಿಕೆಗಾಗಿ ಹಳೆಯ ಹೊದಿಕೆಯ ಕಲೆಗಳನ್ನು ಬಿಟ್ಟುಕೊಡಲು ಸಿದ್ಧಳಾಗಬೇಕು.

ಮೊದಲು ಉತ್ತರವಿಲ್ಲದೆ ನಿಂತ ಮಾತು ಇಲ್ಲಿ ಮತ್ತೆ ಎದುರಾಗುತ್ತದೆ. ನೆನಪು ಮೋಹವಾಗುವುದು ಯಾವಾಗ? ಅದು ಪರೀಕ್ಷೆಗೆ ಅಡ್ಡಬಂದಾಗ. ದಬ್ಬಳವು ಮರದೊಳಕ್ಕೆ ಇಳಿಯುವುದನ್ನು ಕಂಡೂ, ‘ಇಷ್ಟು ಕಾಲ ಹೊತ್ತ ದೋಣಿ, ಇನ್ನೊಂದು ಸಲ ಹೊರದೆ?’ ಎಂದು ಮನಸ್ಸು ಹೇಳಿದರೆ, ಅದು ಪ್ರೇಮದ ಧ್ವನಿಯಂತೆ ಕೇಳಿದರೂ ಪ್ರೇಮವಲ್ಲ. 1942ರ ಡಿಸೆಂಬರಿನಲ್ಲಿ ಬ್ರಿಟಿಷ್ ನೌಕಾಸೈನಿಕರ ಒಂದು ಚಿಕ್ಕ ತಂಡವು ಬಟ್ಟೆಯ ಪಕ್ಕಗಳುಳ್ಳ ಮಡಿಸುವ ದೋಣಿಗಳಲ್ಲಿ ಫ್ರಾನ್ಸಿನ ಬೋರ್ಡೋ ಬಂದರದ ಮೇಲೆ ದಾಳಿಗೆ ಹೊರಟಿತು. ಜಲಾಂತರ್ಗಾಮಿಯಿಂದ ಹೊರಗೆ ತೆಗೆಯುವಾಗ ಒಂದು ದೋಣಿಯ ಬಟ್ಟೆಯು ಹರಿಯಿತು. ಅದರ ಇಬ್ಬರು ಸೈನಿಕರನ್ನು ಹಿಂದಕ್ಕೆ ಉಳಿಸಿಕೊಂಡರು. ಮುಂದುವರಿದ ಹತ್ತು ಜನರಲ್ಲಿ ಇಬ್ಬರೇ ಬದುಕಿ ಬಂದರು. ವಿಧಿಯ ವಿನೋದವು ಅಲ್ಲಿ ಏನೇ ಇರಲಿ, ಗಮನಿಸತಕ್ಕ ಅಂಶವೊಂದಿದೆ. ಯುದ್ಧದಂಥ ಅವಸರದಲ್ಲಿಯೂ, ಅಷ್ಟು ಧೈರ್ಯವಂತರ ನಡುವೆಯೂ, ಹರಿದ ದೋಣಿಯನ್ನು ಹರಿದ ದೋಣಿಯೆಂದೇ ಕಂಡರು. ಉತ್ಸಾಹದಿಂದ ಸೀಳು ಕೂಡಿಕೊಳ್ಳುವುದಿಲ್ಲ, ಭಕ್ತಿಯಿಂದಲೂ ಇಲ್ಲ.

ಆದುದರಿಂದ ಒಡತಿಯು ಮಾಡಬೇಕಾದ ಮೊದಲನೆಯ ಕೆಲಸವು ನಿರ್ಣಯವಲ್ಲ, ಪರಿಶೀಲನೆ. ಚೀಲಗಳನ್ನು ಬಿಚ್ಚಿ ಪ್ರತಿಯೊಂದು ಅಂಗವನ್ನೂ ಹಗಲ ಬೆಳಕಿನಲ್ಲಿ ನೆಲದ ಮೇಲೆ ಹರವಬೇಕು. ಮರವನ್ನು ಚುಚ್ಚಿ ನೋಡಬೇಕು; ರಬ್ಬರನ್ನು ಮಡಿಸಿ ನೋಡಬೇಕು; ಹೊಲಿಗೆಯನ್ನು ಎಳೆದು ನೋಡಬೇಕು; ಸಾಧ್ಯವಾದರೆ ತನ್ನಂತೆ ಈ ದೋಣಿಯನ್ನು ಪ್ರೀತಿಸದವನೊಬ್ಬನ ಕೈಯಿಂದ ಅದನ್ನು ಮಾಡಿಸಬೇಕು. ಹಂದರವು ಬಹುಮಟ್ಟಿಗೆ ಗಟ್ಟಿಯಾಗಿದ್ದು ಹೊದಿಕೆ ಮಾತ್ರ ಸತ್ತಿದ್ದರೆ ಅವಳು ಸಂದೇಹಪಡಬೇಕಾದುದಿಲ್ಲ. ತೊಗಲನ್ನು ಬದಲಿಸುವುದು ಕಯಾಕಿನ ಕುಲಧರ್ಮ. ಒಂದೆರಡು ಅಂಗಗಳು ಕುಂಬಾಗಿದ್ದರೆ ಅವುಗಳ ಅಚ್ಚಿನಿಂದ ಹೊಸವನ್ನು ಕೊಯ್ಯಿಸಬಹುದು. ಅಳತೆಯೇ ಕೆಟ್ಟಿದ್ದರೆ ಹೊಸ ದೋಣಿಯನ್ನು ಕೊಳ್ಳುವುದರಲ್ಲಿ ತಂದೆಗೆ ಅಪಚಾರವಿಲ್ಲ. ಅವನು ಆ ದೋಣಿಯನ್ನು ಕೊಂಡದ್ದು ಮಕ್ಕಳನ್ನು ನದಿಗೆ ಕರೆದೊಯ್ಯುವುದಕ್ಕೆ. ಆ ದೋಣಿಯ ಹೆಸರಿನಲ್ಲಿ ಮಗುವೊಂದನ್ನು ನದಿಗೆ ಬಲಿಗೊಡುವುದಕ್ಕಲ್ಲ.

ಇನ್ನೊಂದು ಪ್ರಶ್ನೆಯನ್ನು ಅವಳು ಮೊಮ್ಮಗನಿಗೇ ಹಾಕತಕ್ಕದ್ದು. ಉದ್ಧಾರವಾದ ದೋಣಿಯನ್ನು ಮುಂದೆ ನೋಡಿಕೊಳ್ಳುವವರಾರು? ಪಯಣ ಮುಗಿದ ಸಂಜೆ, ಮೈದಣಿದು ಹಸಿದಿರುವಾಗ, ಹೊದಿಕೆಯನ್ನು ತೊಳೆದು ಒಣಗಿಸಿ, ಮರಳಿನ ಕಣಗಳನ್ನು ಕೊಡವಿ, ಪಟ್ಟಿಗಳನ್ನು ಒರಸಿಯೇ ಚೀಲಕ್ಕಿಡುವ ವ್ರತವನ್ನು ಹಿಡಿಯುವವರಾರು? ಅಂಥವನಿದ್ದರೆ ದೋಣಿಯು ಅವನದು. ಇಲ್ಲದಿದ್ದರೆ ಎಷ್ಟು ಹಣ ಸುರಿದರೂ ಅದು ಕೆಲವೇ ವರ್ಷಗಳಲ್ಲಿ ಮತ್ತೆ ಅಟ್ಟದ ಮೇಲಿನ ಇದೇ ಗತಿಗೆ ಬರುವುದು. ಒಂದು ಸಲ ಮಾಡಿ ಮುಗಿಸುವ ಕಾರ್ಯವೆಂದು ಜನರು ಜೀರ್ಣೋದ್ಧಾರವನ್ನು ಭಾವಿಸುತ್ತಾರೆ. ಹಾಗಲ್ಲ, ನಿತ್ಯದ ಆರೈಕೆಯು ತಪ್ಪಿಹೋದುದಕ್ಕೆ ಅದು ಪ್ರಾಯಶ್ಚಿತ್ತ. ಪ್ರಾಯಶ್ಚಿತ್ತದ ಮರುದಿನದಿಂದ ನಿತ್ಯಕರ್ಮವು ಮತ್ತೆ ಮೊದಲಾಗಬೇಕು.

ತಂದೆಯ ದೋಣಿಯಲ್ಲಿ ಕುಳಿತ ಬೇಸಗೆಗಳು ಆ ಮರದಲ್ಲಿ ಉಳಿದಿಲ್ಲ. ಅವು ಮಗಳ ಮನಸ್ಸಿನಲ್ಲಿವೆ. ಹುಟ್ಟು ಹಾಕುವುದನ್ನು ಅವಳು ಮೊಮ್ಮಗನಿಗೆ ಕಲಿಸಿದರೆ ಅವನ ತೋಳುಗಳಿಗೂ ಸ್ವಲ್ಪ ಬರುವುವು. ಹಂದರವು ಗಟ್ಟಿಯಾಗಿದ್ದರೆ ಅವನು ಅಜ್ಜಿಯ ತಂದೆಯ ದೋಣಿಯಲ್ಲಿಯೇ ಹೋಗಲಿ. ಇಲ್ಲವಾದರೆ ಹೊಸ ದೋಣಿಯಲ್ಲಿ ಹೋಗಲಿ. ಹಳೆಯ ಹುಟ್ಟು ಇನ್ನೂ ಗಟ್ಟಿಯಾಗಿದ್ದರೆ ಅದನ್ನು ಅವನ ಕೈಗೆ ಕೊಡಬಹುದು.